ಹಗ್ಗದ ಆಚೆ ನಿಂತವಳು

ಶರಣ್ ತನ್ನ ಹೆಂಡತಿಗೆ ಹೊಡೆದದ್ದು ಒಂದೇ ಸಲ. ಮದುವೆಯಾದ ಹೊಸತು, ಪಡುಬಿದ್ರಿಯ ಮನೆಗೆ ಬಂದ ನೆಂಟರ ಎದುರು ಅವಳು ಅವನ ಮಾತೊಂದನ್ನು ತಿದ್ದಿದಳೆಂದು ಕೆನ್ನೆಗೆ ಬಾರಿಸಿದ್ದ. ಆ ಪೆಟ್ಟಿಗೆ ಅವಳ ಎಡಗಿವಿ ಮರುದಿನದವರೆಗೂ ಗುಂಯ್‌ಗುಟ್ಟುತ್ತಿತ್ತು. ರಾತ್ರಿ ಅವನು ಅತ್ತ, ಇನ್ನು ಕೈ ಮಾಡುವುದಿಲ್ಲ ಎಂದ. ಮಾತು ಉಳಿಸಿಕೊಂಡ ಕೂಡ. ಅಲ್ಲಿಂದ ಮುಂದೆ ಅವನು ಹೊಡೆದದ್ದೆಲ್ಲ ಅವಳ ಪಕ್ಕದಲ್ಲಿದ್ದ ವಸ್ತುಗಳಿಗೆ.

ಕತಾರಿನ ಅಲ್ ವಕ್ರಾದ ಅವರ ಫ್ಲ್ಯಾಟಿನಲ್ಲಿ ಇದರ ಗುರುತುಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಬಚ್ಚಲಿನ ಬಾಗಿಲಿನಲ್ಲಿ ಮುಷ್ಟಿಯ ಗಾತ್ರದ ತೂತಿತ್ತು; ಅದರ ಮೇಲೆ ರಶ್ಮಿತಾ ಟವೆಲ್ ನೇತುಹಾಕುತ್ತಿದ್ದಳು. ಫ್ರಿಜ್ಜಿನ ಮೈ ಒಂದು ಕಡೆ ಒಳಕ್ಕೆ ಹೋಗಿತ್ತು. ಕಾರಿನ ಎಡಗಡೆಯ ಕನ್ನಡಿಗೆ ಟೇಪು ಸುತ್ತಿತ್ತು. ಅವನ ಮುಷ್ಟಿ ಎತ್ತ ಹೋದೀತೆಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಆ ಹೊತ್ತಿಗೆ ಅಲ್ಲಾಡದೆ ನಿಲ್ಲಬೇಕು, ಅಲ್ಲಾಡಿದರೆ ತಾನೇ ಅದರ ದಾರಿಗೆ ಸಿಗುತ್ತೇನೆ ಎಂಬುದನ್ನು ಕಲಿತಿದ್ದಳು. ತನಗೆ ತಾಗದಂತೆ ಹೊಡೆಯುವುದೂ ಒಂದು ಬಗೆಯ ಮರ್ಯಾದೆಯೇ ಎಂದು ಬಹಳ ವರ್ಷ ಅಂದುಕೊಂಡಿದ್ದಳು.

ಅವಳು ಕಾಪು ಕಡೆಯವಳು, ಬಸ್ ಕಂಡಕ್ಟರನ ಮಗಳು, ಉಡುಪಿಯಲ್ಲಿ ಬಿ.ಕಾಂ. ಮಾಡಿದವಳು. ದೋಹಾಕ್ಕೆ ಬಂದ ಮೇಲೆ ಒಂದು ದಂತ ಚಿಕಿತ್ಸಾಲಯದ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ವೀಸಾ ಆ ಕ್ಲಿನಿಕ್ಕಿನದು, ಗಂಡನದಲ್ಲ. ಮನೆಯಲ್ಲಿ ತುಳು, ಡಾಕ್ಟರ ಜೊತೆ ಮಲಯಾಳ, ಬಂದವರ ಜೊತೆ ಹಿಂದಿ, ಇಂಗ್ಲಿಷು. ಅರಬ್ಬಿಯಲ್ಲಿ ಮಾತ್ರ ಕೂರಿ, ಬಾಯಿ ತೆರೆಯಿರಿ, ನೋಯುತ್ತದೆಯೇ ಎನ್ನುವಷ್ಟು. ಮಗಳು ಮೋಕ್ಷಾ ಹತ್ತನೇ ತರಗತಿ. ಮನೆಯಲ್ಲಿ ದನಿ ಏರಿದರೆ ಅವಳು ಹೆಡ್‌ಫೋನ್ ಹಾಕಿಕೊಂಡು ಇಂಗ್ಲಿಷಿನಲ್ಲಿ ಏನನ್ನೋ ಜೋರಾಗಿ ಓದತೊಡಗುತ್ತಿದ್ದಳು.

ಶರಣ್ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಅಟ್ಟಣಿಗೆ ಕಟ್ಟುವವರ ಫೋರ್‌ಮನ್. ಊರಲ್ಲಿ ಒಂದು ಕಾಲಕ್ಕೆ ಜಿಲ್ಲಾ ಮಟ್ಟದ ಕಬಡ್ಡಿ ಆಟಗಾರ. ಎದುರಾಳಿ ಅವನನ್ನು ಹಿಡಿದರೆ ಬಿಡಿಸಿಕೊಳ್ಳುವುದಕ್ಕೆ ಒದ್ದಾಡುತ್ತಿರಲಿಲ್ಲ. ಹಿಡಿದವನನ್ನೇ ಬೆನ್ನಿಗೆ ಹಾಕಿಕೊಂಡು, ನೆಲಕ್ಕೆ ಬಾಗಿ, ದರದರನೆ ಎಳೆದುಕೊಂಡು ಬಂದು ಗೆರೆ ಮುಟ್ಟುತ್ತಿದ್ದ. ಆ ಎಳೆತವನ್ನು ನೋಡುವುದಕ್ಕೆಂದೇ ಪಕ್ಕದ ಊರುಗಳಿಂದ ಜನ ಬರುತ್ತಿದ್ದರು. ಹಾಗೆ ಎಳೆಯುವಾಗ ಒಬ್ಬನ ಕೊರಳೆಲುಬು ಮುರಿದಿತ್ತು. ಅದನ್ನು ಶರಣ್ ನಗುತ್ತಲೇ ಹೇಳುತ್ತಿದ್ದ, ಕೇಳಿದವರೂ ನಗುತ್ತಿದ್ದರು.

ಕತಾರಿಗೆ ಬಂದ ಹೊಸತರಲ್ಲಿ ಕಾರ್ಮಿಕರ ಕ್ಯಾಂಪಿನ ಊಟದ ಸಾಲಿನಲ್ಲಿ ಹಿಂದಿನವನು ತಳ್ಳಿದನೆಂದು ತಿರುಗಿ ಒಂದು ಗುದ್ದು ಕೊಟ್ಟ. ಆ ಮನುಷ್ಯನ ದವಡೆ ಮುರಿಯಿತು. ವಾರಗಟ್ಟಲೆ ತಂತಿ ಕಟ್ಟಿಸಿಕೊಂಡು ಸ್ಟ್ರಾದಲ್ಲಿ ಗಂಜಿ ಕುಡಿದ. ಶರಣ್‌ನನ್ನು ಊರಿಗೆ ಕಳಿಸುವುದೇ ಸೈ ಎಂಬಂತಿದ್ದಾಗ ಪೊಲೀಸ್ ಠಾಣೆಗೆ ಹೋಗಿ ಮಾತಾಡಿದ್ದು ಅಪ್ಪಯ್ಯ. ಕ್ಯಾಂಪುಗಳಿಗೆ ಅಡುಗೆ ಮಾಡಿಸಿ ಕಳಿಸುವ ಕಂಟ್ರಾಕ್ಟರು, ಕರಾವಳಿಯವರಿಗೆಲ್ಲ ಅಪ್ಪಯ್ಯಣ್ಣ. ದವಡೆ ಮುರಿದವನ ಹತ್ತಿರ ರಾಜಿಗೆ ಸಹಿ ಹಾಕಿಸಿ ಶರಣ್‌ನನ್ನು ಕರೆದುಕೊಂಡು ಬಂದರು. ಬರುವ ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲವಂತೆ. ಆ ದಿನದಿಂದ ಅವರು ಎಲ್ಲಿ ನಿಲ್ಲು ಎಂದರೆ ಅಲ್ಲಿ ಶರಣ್ ನಿಂತ. ವಾರ್ಷಿಕೋತ್ಸವದ ಬಾಗಿಲಲ್ಲಿ, ಕ್ರೀಡಾಕೂಟದ ಗಲಾಟೆಯಲ್ಲಿ, ಮತ್ತು ಮುಖ್ಯವಾಗಿ ಹಗ್ಗದ ಸಭೆಯಲ್ಲಿ.

ಹಗ್ಗದ ಸಭೆ ಎಂದರೆ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನ ಕನ್ನಡಿಗರ ಒಕ್ಕೂಟದ ಅಧ್ಯಕ್ಷ ಸ್ಥಾನ ಸರದಿಯಲ್ಲಿ ಬರುತ್ತದೆ: ಒಂದು ಅವಧಿ ಬೆಂಗಳೂರು-ಮೈಸೂರಿನವರಿಗೆ, ಒಂದು ಉತ್ತರದವರಿಗೆ, ಒಂದು ಕರಾವಳಿಯವರಿಗೆ. ಯಾರ ಸರದಿಯೋ ಆ ಘಟಕ ತನ್ನೊಳಗೆ ಸೇರಿ ಒಬ್ಬರ ಹೆಸರು ಆರಿಸಿ ಕೊಡುತ್ತದೆ. ದೊಡ್ಡ ಸಭೆ ಅದಕ್ಕೆ ಕೈಯೆತ್ತುತ್ತದೆ. ಆದ್ದರಿಂದ ನಿಜವಾದ ಚುನಾವಣೆ ಎಂದರೆ ಆ ಒಳಗಿನ ಸಭೆಯೇ. ಕರಾವಳಿಯವರು ಅದನ್ನು ಚೀಟಿ ಹಾಕಿ ಮಾಡುವುದಿಲ್ಲ. ಘಟಕ ಕಟ್ಟಿದ ಹಿರಿಯರು ಕಬಡ್ಡಿ, ಹಗ್ಗಜಗ್ಗಾಟ ಆಡಿಕೊಂಡು ಬಂದವರು. ಸಭಾಂಗಣದ ನಡುವೆ ಹಗ್ಗಜಗ್ಗಾಟದ ದಪ್ಪ ಹಗ್ಗವನ್ನು ಅಡ್ಡ ಹಾಸುತ್ತಾರೆ. ಒಬ್ಬ ಉಮೇದುವಾರನ ಕಡೆಯವರು ಈಚೆ, ಇನ್ನೊಬ್ಬನ ಕಡೆಯವರು ಆಚೆ ನಿಲ್ಲಬೇಕು. ಒಮ್ಮೆ ತಲೆ ಎಣಿಸುತ್ತಾರೆ. ಅದಾದ ಮೇಲೆ ಕಾಲು ಗಂಟೆ ‘ಕರೆಯುವ ಹೊತ್ತು’. ಯಾರು ಬೇಕಾದರೂ ಹಗ್ಗದ ಅಂಚಿಗೆ ಬಂದು ಆಚೆಯವರನ್ನು ಹೆಸರು ಹಿಡಿದು, ಸಂಬಂಧ ಹೇಳಿ, ಹಳೆಯ ಉಪಕಾರ ನೆನಪಿಸಿ ಕರೆಯಬಹುದು. ಮಣಿಕಟ್ಟು ಹಿಡಿಯಬಹುದು, ಒಂದೇ ಕೈಯಲ್ಲಿ. ಆದರೆ ಹಗ್ಗ ದಾಟುವ ಕಾಲು ತಾನಾಗಿ ಎದ್ದ ಕಾಲಾಗಿರಬೇಕು. ಎಳೆದು ದಾಟಿಸಿದ್ದು ಲೆಕ್ಕಕ್ಕಿಲ್ಲ. ಕೊನೆಗೆ ವಿಸಿಲ್, ಮತ್ತೆ ಎಣಿಕೆ.

ಈ ನಿಯಮ ಎಲ್ಲರಿಗೂ ಬಾಯಿಪಾಠ. ಅದನ್ನು ಮುರಿಯದೆ ಬಗ್ಗಿಸುವುದರಲ್ಲಿ ಶರಣ್ ಪಳಗಿದವನು. ಅವನ ಬೆರಳು ಮಣಿಕಟ್ಟಿನ ಸುತ್ತ ಬಿಗಿಯತೊಡಗಿದರೆ ಹೆಚ್ಚಿನವರ ಕಾಲು ತಾನಾಗಿಯೇ ಏಳುತ್ತಿತ್ತು. ಕಳೆದ ಸರದಿಯಲ್ಲಿ ಅವನ ಹಿಡಿತಕ್ಕೆ ಒಬ್ಬ ಎಲೆಕ್ಟ್ರಿಷಿಯನ್‌ನ ಗಡಿಯಾರದ ಗಾಜು ಒಡೆದು ಚರ್ಮಕ್ಕೆ ಹೊಕ್ಕಿತ್ತು. ಅವನು ನಗುತ್ತಾ ದಾಟಿ ಬಂದು, ಆಮೇಲೆ ಹೊರಗೆ ಹೋಗಿ ಕಾರಿನ ಹಿಂದೆ ಕೂತು ಚೂರು ಕಿತ್ತುಕೊಂಡ.

ಈ ಸಲ ಅಪ್ಪಯ್ಯನವರಿಗೆ ಎದುರಾಳಿ ಇರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಪೂವಕ್ಕ ತನ್ನ ಹೆಸರು ಹೇಳಿದರು.

ಪೂವಕ್ಕನದು ದೋಹಾದ ನಜ್ಮಾದಲ್ಲಿ ಚಿಕ್ಕ ಟೈಲರಿಂಗ್ ಅಂಗಡಿ. ಯಾರಾದರೂ ಸತ್ತರೆ ಶವಾಗಾರಕ್ಕೆ ಹೋಗಿ ಕಾಗದ ಮಾಡಿಸುವವರು, ಆಸ್ಪತ್ರೆಯಲ್ಲಿ ಬಿದ್ದವರಿಗೆ ಗಂಜಿ ಒಯ್ಯುವವರು ಅವರೇ. ಹಿಂದಿನ ವರ್ಷ ಕಾರ್ಕಳ ಕಡೆಯ ಒಬ್ಬ ಮನೆಗೆಲಸದ ಹುಡುಗಿ ಎರಡೂ ಅಂಗೈ ಸುಟ್ಟುಕೊಂಡು ಆಸ್ಪತ್ರೆಗೆ ಬಂದಿದ್ದಳು. ಇಸ್ತ್ರಿ ಪೆಟ್ಟಿಗೆ ಕೈಮೇಲೆ ಬಿತ್ತು ಎನ್ನುತ್ತಿದ್ದಳು. ಎರಡೂ ಅಂಗೈಗಳ ಮೇಲೆ, ಒಂದೇ ಆಕಾರದಲ್ಲಿ. ಮಾತಾಡಿಸಲು ಬೇಕೆಂದು ಪೂವಕ್ಕ ರಶ್ಮಿತಾಳನ್ನು ಕರೆದುಕೊಂಡು ಹೋಗಿದ್ದರು. ಹುಡುಗಿ ಕಡೆಯವರೆಗೂ ಬಿತ್ತು ಎಂದೇ ಹೇಳಿದಳು. ರಶ್ಮಿತಾ ಮನೆಗೆ ಬಂದು, ಬಚ್ಚಲಿನ ಬಾಗಿಲಿನ ಟವೆಲ್ ತೆಗೆದು, ತೂತನ್ನು ಸ್ವಲ್ಪ ಹೊತ್ತು ನೋಡಿದ್ದಳು. ಮತ್ತೆ ಟವೆಲ್ ಹಾಕಿದ್ದಳು.

ಸಭೆಯ ಹಿಂದಿನ ವಾರ ತಾನು ಪೂವಕ್ಕನ ಕಡೆ ನಿಲ್ಲುವುದಾಗಿ ಅವಳು ಗಂಡನಿಗೆ ಹೇಳಿದಳು. ಹೇಳಿದ್ದು ಊಟ ಬಡಿಸುತ್ತಾ, ಉಪ್ಪು ಸಾಕಾ ಎಂದು ಕೇಳುವ ಹಾಗೆ.

ಶರಣ್ ಮೊದಲು ನಕ್ಕ. ಆಮೇಲೆ ಅಪ್ಪಯ್ಯಣ್ಣ ಇಲ್ಲದಿದ್ದರೆ ತಾನೀಗ ಎಲ್ಲಿರುತ್ತಿದ್ದೆ ಎಂದು ಗೊತ್ತುಂಟಾ ಎಂದು ಕೇಳಿದ. ಗೊತ್ತುಂಟು ಎಂದಳು.

“ಊರಿನವರೆಲ್ಲ ನೋಡ್ತಾರೆ. ಗಂಡ ಈಚೆ, ಹೆಂಡತಿ ಆಚೆ. ನನ್ನ ಮುಖ ಎಲ್ಲಿ ಇಡುವುದು?”

“ನಿಮ್ಮ ಮುಖ ನಿಮ್ಮ ಹತ್ತಿರವೇ ಇರಲಿ. ನಾನು ನಿಲ್ಲುವುದು ನನ್ನ ಕಾಲಲ್ಲಿ ಅಲ್ವಾ?”

ಅವನು ಎದ್ದ. ಸಾರಿನ ಪಾತ್ರೆ ಗೋಡೆಗೆ ಬಡಿಯಿತು, ಕುರ್ಚಿಯ ಬೆನ್ನು ಮುರಿಯಿತು, ಫ್ರಿಜ್ಜಿಗೆ ಇನ್ನೊಂದು ಗುದ್ದು ಬಿತ್ತು. ರಶ್ಮಿತಾ ಅಲ್ಲಾಡಲಿಲ್ಲ. ಕೋಣೆಯೊಳಗೆ ಮೋಕ್ಷಾ ಜೋರಾಗಿ ಜೀವಕೋಶದ ಪಾಠ ಓದತೊಡಗಿದಳು.

ಸಭೆ ನಡೆದದ್ದು ಶುಕ್ರವಾರ ಮಧ್ಯಾಹ್ನ, ಐನ್ ಖಾಲಿದ್‌ನಲ್ಲಿ ಬಾಡಿಗೆಗೆ ಹಿಡಿದ ಬ್ಯಾಡ್ಮಿಂಟನ್ ಹಾಲಿನಲ್ಲಿ. ಮೊದಲು ಊಟ, ಅಪ್ಪಯ್ಯನವರ ಅಡುಗೆಮನೆಯಿಂದಲೇ ಬಂದದ್ದು. ಅದನ್ನು ಉಂಡು ಪೂವಕ್ಕನ ಕಡೆ ನಿಂತವರಿಗೆ ಈಚೆಯಿಂದ ಗೇಲಿ ಶುರುವಾಯಿತು. ಮೊದಲ ಎಣಿಕೆಯಲ್ಲಿ ಪೂವಕ್ಕ ಮುಂದಿದ್ದರು, ನೆಚ್ಚಿಕೊಳ್ಳುವಷ್ಟಲ್ಲ. ಹೆಂಗಸರು ಇಷ್ಟು ಮಂದಿ ಬರುತ್ತಾರೆಂದು ಅಪ್ಪಯ್ಯನವರ ಕಡೆಯವರು ಅಂದಾಜು ಮಾಡಿರಲಿಲ್ಲ.

ಕರೆಯುವ ಹೊತ್ತು ನಗುವಿನಲ್ಲೇ ಶುರುವಾಯಿತು. ಒಬ್ಬರು ಹಗ್ಗದ ಅಂಚಿಗೆ ಬಂದು, ತನ್ನ ಮದುವೆಯಲ್ಲಿ ಮೂರು ಸಲ ಪಾಯಸ ಹಾಕಿಸಿಕೊಂಡವನು ಎಲ್ಲಿ ನಿಂತಿದ್ದಾನೆ ನೋಡಿ ಎಂದರು. ಆ ಮನುಷ್ಯ ಕೈ ಮುಗಿದು ದಾಟಿ ಬಂದ. ಶರಣ್‌ನ ಕಬಡ್ಡಿ ತಂಡದ ಚಿರಾಗ್ ಆಚೆ ನಿಂತಿದ್ದ. ಮೆಸಯೀದ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುವವನು, ಮಾತಿನಲ್ಲಿ ಚುರುಕು.

“ಏ ಚಿರಾಗ್, ನಿನ್ನ ಅಜ್ಜಿಗೆ ಫೋನ್ ಮಾಡ್ಲಾ, ಸೀರೆ ಹಿಂದೆ ಅಡಗಿ ನಿಂತಿದ್ದಾನೆ ಅಂತ?” ಎಂದು ಈಚೆಯಿಂದ ಒಬ್ಬ ಕೂಗಿದ.

“ಮಾಡಿ ಮಾರಾಯ್ರೇ. ಅಜ್ಜಿಯೇ ಹೇಳಿದ್ದು, ಅಪ್ಪಯ್ಯಣ್ಣನ ಊಟ ಉಣ್ಣು, ಓಟು ಪೂವಕ್ಕನಿಗೆ ಹಾಕು ಅಂತ.”

ಎರಡೂ ಕಡೆ ನಗೆ ಎದ್ದಿತು. ಅಪ್ಪಯ್ಯನವರೂ ನಕ್ಕರು. ಆದರೆ ಒಬ್ಬೊಬ್ಬರಾಗಿ ಕೆಲವರು ಈಚೆ ಬಂದರೂ ಪೂವಕ್ಕನ ಕಡೆ ಇನ್ನೂ ಒಬ್ಬರು ಹೆಚ್ಚಿಗೆ ಉಳಿದಿದ್ದರು. ವಿಸಿಲ್ ಹಿಡಿದವನು ಗಡಿಯಾರ ನೋಡತೊಡಗಿದ್ದ. ಆಗ ಅಪ್ಪಯ್ಯ ಶರಣ್‌ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, ಯಾರಿಗೂ ಕೇಳದ ಹಾಗೆ, ನಿನ್ನ ಮನೆಯವಳನ್ನೊಮ್ಮೆ ಕರೆದು ನೋಡು ಎಂದರು. ಅಷ್ಟೇ.

ಶರಣ್ ಹಗ್ಗದ ಅಂಚಿಗೆ ಬಂದ. ಹೆಂಡತಿಯನ್ನು ಹೆಸರು ಹಿಡಿದು ಕರೆದ. ಅವಳು ಅಂಚಿನವರೆಗೆ ಬಂದಳು. ಕರೆದರೆ ಬರಬೇಕು, ಅದು ಮರ್ಯಾದೆ. ಅವನು ಅವಳ ಬಲಗೈಯ ಮಣಿಕಟ್ಟು ಹಿಡಿದ.

“ಬಾ,” ಎಂದ.

“ಇಲ್ಲ.”

“ರಶ್ಮಿ, ಎಲ್ಲರೂ ನೋಡ್ತಿದ್ದಾರೆ.”

“ನೋಡಲಿ.”

ಅವನ ಬೆರಳು ಬಿಗಿಯಿತು. ಎಲೆಕ್ಟ್ರಿಷಿಯನ್‌ನ ಗಡಿಯಾರ ಒಡೆದ ಹಿಡಿತ. ಅವಳ ಎರಡು ಬಳೆ ಒಡೆದು ನೆಲಕ್ಕೆ ಬಿದ್ದವು, ಮೂರನೆಯದು ಚರ್ಮಕ್ಕೆ ನಾಟಿತು. ಅವಳು ಎರಡೂ ಪಾದ ಊರಿ, ಮಂಡಿ ಬಗ್ಗಿಸಿ, ಹಿಂದಕ್ಕೆ ಭಾರ ಕೊಟ್ಟಳು. ಈಚೆಯವರು ಕೂಗತೊಡಗಿದರು, ಆಚೆಯವರೂ. ಒಂದು ಕ್ಷಣ ಅದು ಊರಿನ ಮೈದಾನದ ಕೂಗಿನಂತೆಯೇ ಇತ್ತು. ಆ ಕೂಗಿಗೆ ಶರಣ್‌ನ ಮೈ ತಾನಾಗಿ ತಿರುಗಿತು. ಬೆನ್ನು ಕೊಟ್ಟ, ಅವಳ ತೋಳನ್ನು ಹೆಗಲ ಮೇಲಿಂದ ಎಳೆದುಕೊಂಡ, ಎರಡನೆಯ ಕೈಯನ್ನೂ ಹಾಕಿದ, ನೆಲಕ್ಕೆ ಬಾಗಿ ದರದರನೆ ಎಳೆದ. ಕೂಗಿನ ನಡುವೆಯೂ ಹತ್ತಿರದವರಿಗೆ ಸದ್ದು ಕೇಳಿಸಿತು: ಹಸಿ ಬೆತ್ತ ಮುರಿದ ಹಾಗೆ.

ರಶ್ಮಿತಾಳ ಭುಜ ಕೀಲಿನಿಂದ ಕಳಚಿ ಮುಂದಕ್ಕೆ ಬಂದಿತ್ತು. ಅವಳು ಕಿರುಚಲಿಲ್ಲ, ಉಸಿರು ಸಿಕ್ಕಿಕೊಂಡಿತ್ತು. ಅವನ ಬೆನ್ನ ಹಿಂದೆ ಮುಖ ಅಡಿಯಾಗಿ ಬಿದ್ದಳು. ಎದೆ, ತಲೆ ಹಗ್ಗದ ಈಚೆ. ಬೀಳುವ ಕೊನೆಯವರೆಗೂ ಅವಳ ಎರಡು ಹಿಮ್ಮಡಿಗಳು ಆಚೆಯ ನೆಲದ ಮೇಲಿದ್ದವು. ಚಪ್ಪಲಿಯ ರಬ್ಬರು ಉಜ್ಜಿ ಅಲ್ಲಿ ಕಪ್ಪು ಗೀರು ಬಿದ್ದಿತ್ತು. ಬಿದ್ದ ಮೇಲೆ ಯಾರೋ ಅವಳ ಕಾಲನ್ನೂ ಈಚೆ ಎಳೆದರು. ವಿಸಿಲ್ ಊದಿದ್ದು ಆಗ.

ಮೊದಲು ಹೊಡೆದದ್ದು ಚಿರಾಗ್. ಸ್ಟೀಲಿನ ಮಡಚು ಕುರ್ಚಿ ಎತ್ತಿ ಶರಣ್‌ನ ಹಣೆಗೆ ಬೀಸಿದ. ಹುಬ್ಬು ಸೀಳಿ ಕಣ್ಣಿನೊಳಗೆ ರಕ್ತ ಇಳಿಯಿತು. ಶರಣ್ ಒಂದು ಕಣ್ಣಿನಲ್ಲೇ ನೋಡಿ, ಚಿರಾಗ್‌ನ ಅಂಗಿಯ ಕಾಲರು ಹಿಡಿದು ಬಾಯಿಗೆ ಗುದ್ದಿದ. ಹಲ್ಲುಗಳು ತುಟಿಯೊಳಗಿಂದ ಹೊರಬಂದವು. ಬಿದ್ದವನ ಪಕ್ಕೆಗೆ ಒದ್ದ. ಅವನು ಮುದುಡಿಕೊಂಡಾಗ ಮತ್ತೆ ಒದ್ದ. ಅಷ್ಟರಲ್ಲಿ ಎರಡೂ ಕಡೆಯ ಗಂಡಸರು ಹಗ್ಗವನ್ನು ತುಳಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು ಕುತ್ತಿಗೆ ಹಿಸುಕುತ್ತಿದ್ದರು. ಚಹಾದ ದೊಡ್ಡ ಫ್ಲಾಸ್ಕು ಒಬ್ಬನ ತಲೆಗೆ ಬಡಿದು ಒಡೆದು ಬಿಸಿ ಚಹಾ ಅವನ ಕುತ್ತಿಗೆಗೆ ಸುರಿಯಿತು. ಹೆಂಗಸರಲ್ಲಿ ಕೆಲವರು ಚಪ್ಪಲಿ ಕೈಗೆ ತೆಗೆದುಕೊಂಡರು. ಪೂವಕ್ಕ ಮಾತ್ರ ಮಂಡಿಯೂರಿ ರಶ್ಮಿತಾಳ ಮೇಲೆ ಬಾಗಿ, ಬೀಳುವ ಒದೆಗಳಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದರು.

ಶರಣ್‌ನನ್ನು ನಾಲ್ಕು ಜನ ಹಿಡಿದು ನೆಲಕ್ಕೆ ಒತ್ತಿದಾಗ ಅವನು ಹೆಂಡತಿಯ ಹೆಸರು ಕೂಗುತ್ತಿದ್ದ. ಅವಳನ್ನು ತಾನೇ ಆಸ್ಪತ್ರೆಗೆ ಒಯ್ಯುತ್ತೇನೆ, ಬಿಡಿ ಎನ್ನುತ್ತಿದ್ದ. ಅವಳನ್ನು ಒಯ್ದದ್ದು ಪೂವಕ್ಕ, ತಮ್ಮ ಕಾರಿನಲ್ಲಿ. ಅಂಗಡಿಗೆ ಬಟ್ಟೆ ತರುವ ಆ ಕಾರಿನ ಹಿಂದಿನ ಸೀಟಿನಲ್ಲಿ ರಶ್ಮಿತಾ ಒರಗಿ ಕೂತಿದ್ದಳು. ರಸ್ತೆಯ ಪ್ರತಿ ಉಬ್ಬಿಗೂ ಕಣ್ಣು ಕತ್ತಲೆ ಬರುತ್ತಿತ್ತು.

ತುರ್ತು ವಿಭಾಗದಲ್ಲಿ ಭುಜ ಕೂರಿಸುವ ಮೊದಲು ಎಕ್ಸ್‌ರೇ ತೆಗೆದರು; ತೋಳಿನ ಎಲುಬಿನ ತಲೆಯಲ್ಲಿ ಬಿರುಕಿತ್ತು. ನರ್ಸ್ ಮಟಿಲ್ಡಾ ಮೂಲ್ಕಿಯವಳು, ಕೊಂಕಣಿ ಮನೆಮಾತು. ಮಣಿಕಟ್ಟಿನಿಂದ ಬಳೆಯ ಚೂರು ತೆಗೆಯುತ್ತಾ ಏನಾಯಿತೆಂದು ಕೇಳಿದಳು. ರಶ್ಮಿತಾ ಗೋಡೆಯ ಕಡೆ ಮುಖ ಮಾಡಿದಳು. ಮಟಿಲ್ಡಾ ಒತ್ತಾಯ ಮಾಡಲಿಲ್ಲ. ಮಣಿಕಟ್ಟಿನ ಮೇಲೆ ನೀಲಿಗಟ್ಟಿದ ಬೆರಳ ಗುರುತನ್ನು ತನ್ನ ಬೆರಳಿಂದ ಅಳೆದ ಹಾಗೆ ಮಾಡಿ, ಹಲ್ಲು ಉದುರಿದ ಒಬ್ಬನೂ ಪಕ್ಕದಲ್ಲಿದ್ದಾನೆ, ಇಬ್ಬರೂ ಒಂದೇ ಜಾಗದಿಂದ ಬಂದವರು, ಆದ್ದರಿಂದ ಪೊಲೀಸರಿಗೆ ತಿಳಿಸಿಯಾಗಿದೆ ಎಂದಳು.

ಪೊಲೀಸರಿಗಿಂತ ಮೊದಲು ಅಪ್ಪಯ್ಯ ಬಂದರು. ಸ್ನಾನ ಮಾಡಿ, ಅಂಗಿ ಬದಲಿಸಿ ಬಂದಿದ್ದರು. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತು, ಮಗಳಿಗೆ ಊಟ ತಮ್ಮ ಮನೆಯಿಂದ ಹೋಗಿದೆ ಎಂದು ಮೊದಲು ಹೇಳಿದರು. ಎಲ್ಲರ ಹತ್ತಿರ ಮಾತಾಡಿಯಾಗಿದೆ, ಚಿರಾಗ್ ಕೂಡ ಒಪ್ಪಿದ್ದಾನೆ ಎಂದರು.

“ಕಬಡ್ಡಿ ಆಡುವಾಗ ಬಿದ್ದದ್ದು ಅಂತ ಹೇಳಿದರೆ ಸಾಕು ಮಗ. ಆಟದಲ್ಲಿ ಇದೆಲ್ಲ ಆಗ್ತದೆ. ಇಲ್ಲಾಂದ್ರೆ ಅವನದ್ದು ಖಲಾಸ್. ಹಳೆಯದೊಂದು ಉಂಟು ಅವನ ಮೇಲೆ, ಈ ಸಲ ನಾನು ಹೋದ್ರೂ ಬಿಡಿಸಲಿಕ್ಕಾಗುದಿಲ್ಲ.”

ರಶ್ಮಿತಾ ಮಾತ್ರೆಯ ಮಂಪರಿನಲ್ಲಿದ್ದಳು, ಆದರೂ ಒಂದು ಪ್ರಶ್ನೆ ಕೇಳಿದಳು. ಎಣಿಕೆ ಏನಾಯಿತು?

ಅಪ್ಪಯ್ಯ, ವಿಸಿಲ್ ಊದಿದಾಗ ಅವಳು ಈಚೆ ಇದ್ದಳಲ್ಲ ಎಂದರು. ಒಬ್ಬರ ಅಂತರದಿಂದ ತಮ್ಮ ಹೆಸರೇ ಆಗಿದೆಯಂತೆ. ಆದರೆ ಅದು ಈಗ ದೊಡ್ಡ ಸಂಗತಿಯಲ್ಲ ಎಂದೂ ಸೇರಿಸಿದರು.

ಅವರು ಹೋದ ಮೇಲೆ ರಶ್ಮಿತಾ ಚಾವಣಿಯ ಬಿಳಿ ಹಲಗೆಗಳನ್ನು ನೋಡುತ್ತಾ ಮಲಗಿದ್ದಳು. ಆಟದಲ್ಲಿ ಬಿದ್ದೆ ಎಂದರೆ ಅವಳು ತಾನಾಗಿ ದಾಟಿದಂತೆ. ಎಳೆದರು ಎಂದರೆ ದಾಟಲಿಲ್ಲ, ಆದರೆ ಗಂಡ ಜೈಲಿಗೆ. ಎರಡಕ್ಕೂ ಇರುವುದು ಒಂದೇ ಉತ್ತರ, ಅದು ತನ್ನ ಬಾಯಲ್ಲಿದೆ. ಶರಣ್ ಊರಿಗೆ ಹೋದರೆ ಫ್ಲ್ಯಾಟು ಹೋಗುತ್ತದೆ. ಅದು ಅವನ ಕಂಪೆನಿಯದು. ಕ್ಲಿನಿಕ್ಕಿನ ಸಂಬಳದಲ್ಲಿ ತಾಯಿ ಮಗಳು ಯಾರದಾದರೂ ಮನೆಯ ಒಂದು ಕೋಣೆಯಲ್ಲಿ ಇರಬೇಕಾದೀತು. ಮೋಕ್ಷಾಳಿಗೆ ಬೋರ್ಡ್ ಪರೀಕ್ಷೆ. ಪಡುಬಿದ್ರಿಯ ಅತ್ತೆ ಸಾಯುವವರೆಗೂ ಶಾಪ ಹಾಕುತ್ತಾರೆ.

ಪೂವಕ್ಕ ಒಳಗೆ ಬಂದು ನಿಂತರು. ಅವರ ಬೆನ್ನಿಗೂ ಪೆಟ್ಟು ಬಿದ್ದಿತ್ತು, ಕೂರಲು ಆಗುತ್ತಿರಲಿಲ್ಲ. ಅಪ್ಪಯ್ಯ ಹೇಳಿದ್ದು ಹೊರಗೆ ನಿಂತಿದ್ದ ಅವರ ಕಿವಿಗೂ ಬಿದ್ದಿತ್ತು.

“ನನಗೋಸ್ಕರ ಎಂತದೂ ಹೇಳಬೇಡ,” ಎಂದರು. “ನಾನು ಹೆಸರು ವಾಪಸ್ ತಗೊಳ್ತೇನೆ ಅಂತ ಅವರಿಗೆ ಹೇಳಿ ಬಂದೆ. ಒಂದು ಕುರ್ಚಿಗೋಸ್ಕರ ನಿನ್ನ ಮನೆ ಒಡೆಯುವುದು ಬೇಡ. ಈಗ ನೀನು ಫ್ರೀ. ಬೇಕಾದ್ದು ಹೇಳು.”

ರಶ್ಮಿತಾಳಿಗೆ ಸಿಟ್ಟು ಬಂತು. ಆ ದಿನ ಅವಳಿಗೆ ಸಿಟ್ಟು ಬಂದದ್ದು ಆಗಲೇ ಮೊದಲು, ಅದೂ ಪೂವಕ್ಕನ ಮೇಲೆ.

“ನೀವು ವಾಪಸ್ ತಗೊಂಡ್ರೆ ನಾನು ನಿಂತದ್ದು ಎಲ್ಲಿಗೆ ಹೋಯ್ತು ಪೂವಕ್ಕ?”



ಸ್ವಲ್ಪ ಹೊತ್ತಿನಲ್ಲಿ ಶರಣ್‌ನನ್ನು ಕರೆತಂದರು. ಹುಬ್ಬಿಗೆ ಹೊಲಿಗೆ ಬಿದ್ದಿತ್ತು, ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಪಕ್ಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ, ಯುವಕ. ಜೊತೆಗೆ ಹಿಂದಿ ಬಲ್ಲ ದುಭಾಷಿ. ಮಟಿಲ್ಡಾ ಪರದೆ ಎಳೆದಳು, ತಾನು ಹೊರಗೆ ಹೋಗಲಿಲ್ಲ. ಶರಣ್ ಆಗಲೇ ಹೇಳಿಕೆ ಕೊಟ್ಟಿದ್ದ: ಕಬಡ್ಡಿ, ಅಕಸ್ಮಾತ್ತು. ಚಿರಾಗ್ ಊದಿದ ಬಾಯಿಯಲ್ಲಿ ಅದನ್ನೇ ಹೇಳಿದ್ದ. ಅಧಿಕಾರಿಗೆ ಬೇಕಾದದ್ದು ಅವಳ ಒಂದು ಹೌದು. ಅದು ಸಿಕ್ಕಿದರೆ ಕಾಗದ ಮಡಚಿ ಹೋಗುವ ಹಾಗೆ ನಿಂತಿದ್ದ.

ಶರಣ್ ಮಂಚದ ಕಾಲಬುಡದಲ್ಲಿ ನಿಂತು ಅವಳ ಪಾದಗಳನ್ನು ನೋಡುತ್ತಿದ್ದ. ದುಭಾಷಿ ಅಧಿಕಾರಿಯ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾಗ ತುಳುವಿನಲ್ಲಿ ಹೇಳಿದ:

“ರಶ್ಮಿ, ಇನ್ನು ಮುಂದೆ ಒಂದು ವಸ್ತುವಿಗೂ ಕೈ ಮಾಡುವುದಿಲ್ಲ. ಮೋಕ್ಷನ ಮೇಲೆ ಆಣೆ.”

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಆಡಿದ ಮಾತನ್ನೂ ಅವನು ಉಳಿಸಿಕೊಂಡಿದ್ದನಲ್ಲ.

ಪ್ರಶ್ನೆ ಬಂತು. ಆಟದಲ್ಲಿ ಬಿದ್ದಿರಾ?

“ಆಟ ಅಲ್ಲ,” ಎಂದಳು ರಶ್ಮಿತಾ ಹಿಂದಿಯಲ್ಲಿ. “ಇವರು ಎಳೆದರು. ಎರಡು ಕೈಯಲ್ಲಿ. ನಾನು ಬರುವುದಿಲ್ಲ ಅಂತ ಹೇಳಿದೆ. ನನ್ನ ಕಾಲು ದಾಟಲಿಲ್ಲ.”

ದುಭಾಷಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಏನನ್ನು ದಾಟುವುದು ಎಂದು ಕೇಳಿದ. ಹಗ್ಗವನ್ನು ಎಂದಳು. ಅವನು ಅದನ್ನೂ ಅರಬ್ಬಿಯಲ್ಲಿ ಹೇಳಿದ. ಅಧಿಕಾರಿ ಹುಬ್ಬೇರಿಸಿದ, ಆದರೂ ಬರೆದುಕೊಂಡ. ಕ್ಷಮಿಸಿ ರಾಜಿ ಮಾಡಿಕೊಳ್ಳಲು ಅವಕಾಶವಿದೆ, ಬೇಕೇ ಎಂದು ಕೇಳಿಸಿದ. ರಶ್ಮಿತಾ ಬೇಡ ಎಂದಳು. ಎಡಗೈಯಲ್ಲಿ ಸಹಿ ಮಾಡಿದಳು. ವಕ್ರವಾಗಿ ಬಂತು, ಆದರೆ ಅವಳದೇ ಹೆಸರು.

ಶರಣ್ ಮಂಚದ ಕಂಬಿಯನ್ನು ಹಿಡಿದ. ಕಂಬಿ ಅಲುಗಿ ಅವಳ ಭುಜದಲ್ಲಿ ಬೆಂಕಿ ಹತ್ತಿತು. ಪೊಲೀಸ್ ಅವನ ಕೈ ಹಿಂದಕ್ಕೆ ತಿರುಚಿ ಗೋಡೆಗೆ ಒತ್ತಿದ. ಹೊಲಿಗೆ ಬಿಚ್ಚಿ ರಕ್ತ ಬಿಳಿ ಗೋಡೆಯ ಮೇಲೆ ಇಳಿಯಿತು. ಅವನು ಎದುರಿಸಲಿಲ್ಲ. ನಾಲ್ಕು ಜನ ಹಿಡಿದರೂ ಅಲುಗುತ್ತಿದ್ದವನು ಒಬ್ಬ ಯುವಕನ ಕೈಯಲ್ಲಿ ಸುಮ್ಮನೆ ನಡೆದು ಹೋದ.

ಆಮೇಲೆ ನಡೆದದ್ದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಪೊಲೀಸರ ಕಾಗದದಲ್ಲೇ ಎಳೆತ ಎಂದು ಬಂದ ಮೇಲೆ ಅದನ್ನು ಆಟ ಎನ್ನಲು ಘಟಕದ ಹಿರಿಯರಿಗೆ ಆಗಲಿಲ್ಲ. ನಿಯಮ ಅವರ ಹಿಂದಿನವರು ಮಾಡಿದ್ದು: ಎಳೆದು ದಾಟಿಸಿದ್ದು ಲೆಕ್ಕಕ್ಕಿಲ್ಲ. ಒಬ್ಬರ ಅಂತರ ತಿರುಗಿ ಆಚೆಗೆ ಹೋಯಿತು. ವಾಪಸು ಪಡೆಯುತ್ತೇನೆ ಎಂದಿದ್ದ ಪೂವಕ್ಕ ಪಡೆಯಲಿಲ್ಲ. ಮುಂದಿನ ತಿಂಗಳು ದೊಡ್ಡ ಸಭೆ ಅವರ ಹೆಸರಿಗೆ ಕೈಯೆತ್ತಿತು. ಅಪ್ಪಯ್ಯನವರೂ ಎತ್ತಿದರು, ಕೊನೆಯವರಾಗಿ. ಅದರ ಮರುದಿನ ಯಾರೋ ಪೂವಕ್ಕನ ಅಂಗಡಿಯ ಗಾಜಿಗೆ ಕಲ್ಲು ಹೊಡೆದರು. ರಶ್ಮಿತಾಳ ಫೋನಿಗೆ ಊರಿನ ನಂಬರುಗಳಿಂದ ಸಂದೇಶಗಳು ಬಂದವು: ಗಂಡನನ್ನು ಮಾರಿದವಳು, ಇನ್ನೊಂದು ಕೈಯೂ ಮುರಿಯಬೇಕು, ಊರಿಗೆ ಬಾ ನೋಡಿಕೊಳ್ಳುತ್ತೇವೆ. ಕ್ಲಿನಿಕ್ಕಿಗೆ ಬರುತ್ತಿದ್ದ ಕರಾವಳಿಯ ಕೆಲವರು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಚಿರಾಗ್ ಮಾತ್ರ ಬಂದ, ಎದುರಿನ ಹಲ್ಲು ಕಟ್ಟಿಸಿಕೊಳ್ಳಲು. ಹೊಸ ಹಲ್ಲಿನ ಅಳತೆ ಕೊಡುವಾಗ ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ. ತಾನೂ ಕಬಡ್ಡಿ ಎಂದೇ ಹೇಳಿದ್ದನಲ್ಲ.

ಫ್ಲ್ಯಾಟು ಬಿಟ್ಟುಕೊಡಬೇಕಾಯಿತು. ತಾಯಿ ಮಗಳು ಅಲ್ ವಕ್ರಾದಲ್ಲೇ ಒಂದು ಮಲಯಾಳಿ ಕುಟುಂಬದ ಮನೆಯ ಕೋಣೆ ಹಿಡಿದರು. ಮೋಕ್ಷಾ ಕೆಲವು ವಾರ ಅವಳ ಜೊತೆ ಮಾತು ಬಿಟ್ಟಳು. ಒಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಜಾರಿ ಬಿದ್ದ ಸದ್ದಿಗೆ ತಾಯಿ ಮಗಳು ಇಬ್ಬರೂ ಒಮ್ಮೆಲೆ ಅಲ್ಲಾಡದೆ ನಿಂತರು, ಒಬ್ಬಳನ್ನೊಬ್ಬಳು ನೋಡಿದರು. “ಅಮ್ಮ, ನೀವೂ ಹೀಗೇ ಸ್ಟಾಪ್ ಆಗ್ತೀರಾ?” ಎಂದು ಮೋಕ್ಷಾ ಕೇಳಿದಳು. ಅಲ್ಲಿಂದ ಮಾತು ಮತ್ತೆ ಶುರುವಾಯಿತು.

ಶಿಕ್ಷೆ ಮುಗಿಸಿದ ಮೇಲೆ ಶರಣ್‌ನನ್ನು ಊರಿಗೆ ಕಳಿಸುವುದೆಂದು ತೀರ್ಮಾನವಾಯಿತು. ವಿಮಾನ ಹತ್ತಿಸುವ ಮೊದಲು ಫೋನ್ ಮಾಡಲು ಬಿಟ್ಟರು. ರಶ್ಮಿತಾ ಕೌಂಟರಿನಲ್ಲಿದ್ದಳು, ಎದುರಿಗೆ ಇಬ್ಬರು ಕಾಯುತ್ತಿದ್ದರು. ಅವನು ಕಾರಿನ ವಿಷಯ ಕೇಳಿದ, ಮೋಕ್ಷಾಳ ಪರೀಕ್ಷೆ ಹೇಗಾಯಿತೆಂದು ಕೇಳಿದ. ಅಪ್ಪಯ್ಯಣ್ಣ ಒಮ್ಮೆಯೂ ನೋಡಲು ಬರಲಿಲ್ಲ ಎಂದ. ಅದನ್ನು ದೂರಿನಂತೆ ಹೇಳಲಿಲ್ಲ. ಹಿಂದೆ ವಿಮಾನ ನಿಲ್ದಾಣದ ಘೋಷಣೆ ಕೇಳಿಸುತ್ತಿತ್ತು.

“ಆ ದಿನ ನಿನ್ನ ಹಿಮ್ಮಡಿ ಆಚೆಯೇ ಇತ್ತು,” ಎಂದ. “ಬಾಗಿ ಎಳೆಯುವಾಗ ನನ್ನ ಕಾಲ ಸಂದಿನಿಂದ ಕಾಣಿಸ್ತಿತ್ತು. ನಾನು ನೋಡಿದ್ದೆ.”

“ನೋಡಿಯೂ ಎಳೆದಿರಿ,” ಎಂದಳು ರಶ್ಮಿತಾ.

ಮಗಳು ಶಾಲೆಯಿಂದ ಬಂದಿರುತ್ತಾಳೆ, ಅವಳಿಗೂ ಒಂದು ಕರೆ ಮಾಡಿ ಎಂದು ರಶ್ಮಿತಾ ಹೇಳಿದಳು. ಫೋನ್ ಇಟ್ಟು, ಎದುರಿಗೆ ಕಾದಿದ್ದವರಲ್ಲಿ ಮೊದಲನೆಯವರ ಹೆಸರು ಕೇಳಿದಳು.